ಅಂಗಡಿಯ ಗಿಳಿ, ಹೊಲದ ಗಿಳಿ

ಕೃಷ್ಣಗಿರಿ ಜಿಲ್ಲೆಯಿಂದ ತಿರುಳು ತೆಗೆಯುವ ಕಾರ್ಖಾನೆಗಳಿಗೆ ಲೋಡುಗಟ್ಟಲೆ ಹೋಗುವ ಮಾವು ತೋತಾಪುರಿ. ಹೆಸರಿನಲ್ಲೇ ತೋತಾ ಇದೆ, ಅಂದರೆ ಉರ್ದುವಿನ ಗಿಳಿ. ಕನ್ನಡದವರು ಅದನ್ನು ಗಿಣಿಮೂತಿ ಅನ್ನುತ್ತಾರೆ, ತಮಿಳರು ಕಿಳಿಮೂಕು ಅನ್ನುತ್ತಾರೆ. ಹಣ್ಣಿನ ಕೊಂಕು ತುದಿ ನೋಡಿ ಮೂರು ಭಾಷೆಯವರಿಗೂ ಹೊಳೆದದ್ದು ಒಂದೇ ಹಕ್ಕಿ. ತೋಪಿಗೆ ಗುಂಪಾಗಿ ಬಂದು ಅದೇ ಹಣ್ಣನ್ನು ಅರ್ಧ ಕಚ್ಚಿ ಬೀಳಿಸುವುದೂ ಆ ಹಕ್ಕಿಯೇ.

ಗಿಳಿಯ ಚರಿತ್ರೆ ಬರೆಯಲು ಕೂತವರು ಸಾಮಾನ್ಯವಾಗಿ ಅರಮನೆಯಿಂದ ಶುರು ಮಾಡುತ್ತಾರೆ. ನನಗೆ ಹೊಲದಿಂದ ಶುರು ಮಾಡುವುದು ಸರಿ ಅನ್ನಿಸುತ್ತದೆ. ಸಂಗಂ ಕಾಲದ ತಮಿಳು ಕಾವ್ಯದಲ್ಲಿ ಬೆಟ್ಟದ ಹುಡುಗಿಯರ ಕೆಲಸವೇ ನವಣೆ ಹೊಲದಲ್ಲಿ ಅಟ್ಟಣೆ ಮೇಲೆ ಕೂತು ಗಿಳಿ ಓಡಿಸುವುದು. ಮುರುಗನ ವಳ್ಳಿಯೂ ಹಾಗೆ ಹೊಲ ಕಾಯುತ್ತಿದ್ದವಳೇ. ಇವತ್ತಿಗೂ ಕೆಲಮಂಗಲ, ತಳಿ, ಡೆಂಕಣಿಕೋಟೆ ಕಡೆ ತೆನೆ ಬಲಿಯುವ ಹೊತ್ತಿಗೆ ತಗಡು ಬಡಿಯುವ ಸದ್ದು ಕೇಳಿಸುತ್ತದೆ. ಹಗಲೆಲ್ಲ ಬೈದು ಓಡಿಸಿದ ಹಕ್ಕಿಯ ಮರಿಯನ್ನು ಅದೇ ರೈತ ಮಕ್ಕಳಿಗೆಂದು ಮನೆಗೆ ತಂದು ಸಾಕುತ್ತಾನೆ. ಇದರಲ್ಲಿ ಅವನಿಗೆ ಏನೂ ವಿಚಿತ್ರ ಕಾಣುವುದಿಲ್ಲ.

ನಮ್ಮ ಮನೆಗೆ ಗಿಳಿ ಬಂದದ್ದೂ ಹಾಗೆ. ಉಪ್ಪ ಬಂಟ್ವಾಳ ಕಡೆಯಿಂದ ಹೊಸೂರಿಗೆ ಬಂದು ದಿನಸಿ ಅಂಗಡಿ ಇಟ್ಟವರು. ಸಿಪ್ಕಾಟ್ ಕಾರ್ಖಾನೆಗಳಿಗೆ ಪಾಳಿಯಲ್ಲಿ ಹೋಗುವವರು, ಸುತ್ತಲ ಹಳ್ಳಿಯವರು, ಎಲ್ಲರೂ ಗಿರಾಕಿಗಳೇ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಕೆಲಮಂಗಲದ ಕಡೆಯ ರೈತರೊಬ್ಬರು ಬಿದಿರು ಬುಟ್ಟಿಯಲ್ಲಿ ಒಂದು ಮರಿ ತಂದುಕೊಟ್ಟರು. ರೆಕ್ಕೆ ಪೂರ್ತಿ ಬಂದಿರಲಿಲ್ಲ. ಉಮ್ಮ ಕಡಲೆಬೇಳೆ ನೆನೆಸಿ ನುಣ್ಣಗೆ ಅರೆದು, ಬೆರಳ ತುದಿಯಲ್ಲಿ ಎರಡು ಮೂರು ಗಂಟೆಗೊಮ್ಮೆ ತಿನ್ನಿಸುತ್ತಿದ್ದರು. ಗಿಳಿ ಪಳಗಿಸುವುದು ಅಂದರೆ ಮುಖ್ಯವಾಗಿ ಇಷ್ಟೇ. ಕಣ್ಣು ತೆರೆದ ಹೊಸತರಲ್ಲಿ ಯಾರ ಕೈಯಿಂದ ತುತ್ತು ಸಿಗುತ್ತದೋ ಅವರನ್ನೇ ಅದು ತನ್ನವರು ಅಂದುಕೊಳ್ಳುತ್ತದೆ. ದೊಡ್ಡ ಗಿಳಿಯನ್ನು ಹಿಡಿದು ತಂದರೆ ಹೀಗೆ ಸುಲಭಕ್ಕೆ ಪಳಗುವುದಿಲ್ಲ. ಅದಕ್ಕೇ ವ್ಯಾಪಾರದಲ್ಲಿ ಬೇಡಿಕೆ ಇದ್ದದ್ದು ಮರಿಗೆ. ಈ ಮಾತು ಮುಂದೆ ಬೇಕಾಗುತ್ತದೆ.

ಅದು ಅಂಗಡಿಯ ಗಲ್ಲಾದ ಮೇಲೆ ಪಂಜರದಲ್ಲಿ ಹದಿನಾಲ್ಕು ವರ್ಷ ಬದುಕಿತು. ಗಂಡಿಗಾದರೆ ಎರಡು ಮೂರು ವರ್ಷಕ್ಕೆ ಕೊರಳಲ್ಲಿ ಕಪ್ಪು ಮತ್ತು ಗುಲಾಬಿ ಪಟ್ಟಿ ಮೂಡುತ್ತದೆ. ಇದಕ್ಕೆ ಮೂಡಲೇ ಇಲ್ಲ, ಹೆಣ್ಣು. ಕಲಿಸಿದ್ದು ಸಲಾಂ ಹೇಳಲು, ಕಲಿತದ್ದು "ಬಾಕಿ ಎಷ್ಟು?" ಎಂದು ಕೇಳಲು. ಸಾಲ ಉಳಿಸಿಕೊಂಡ ಗಿರಾಕಿ ಬಂದಾಗಲೇ ಅದು ಹಾಗೆ ಕೂಗುತ್ತದೆ ಎಂದು ಊರಲ್ಲಿ ಸುದ್ದಿ. ಅದು ಎಲ್ಲರಿಗೂ ಕೂಗುತ್ತಿತ್ತು, ಬಾಕಿ ಇದ್ದವರಿಗೆ ಮಾತ್ರ ಚುಚ್ಚುತ್ತಿತ್ತು. ಉಪ್ಪನಿಗೆ ಇದರಿಂದ ಲಾಭವೇ ಆಯಿತು ಅನ್ನಿ.

ಅಂಗಡಿ ಮತ್ತು ಗಿಳಿಯ ನಂಟು ನಮ್ಮದಷ್ಟೇ ಅಲ್ಲ, ಹಳೆಯದು. 13ನೇ ಶತಮಾನದಲ್ಲಿ ಮೌಲಾನಾ ರೂಮಿ ತಮ್ಮ ಮಸ್ನವಿಯಲ್ಲಿ ಒಬ್ಬ ದಿನಸಿ ವ್ಯಾಪಾರಿಯ ಗಿಳಿಯ ಕತೆ ಹೇಳಿದ್ದಾರೆ. ಮಾತಾಡಿ ಗಿರಾಕಿಗಳನ್ನು ನಗಿಸುತ್ತಿದ್ದ ಗಿಳಿ ಒಂದು ದಿನ ಎಣ್ಣೆ ಸೀಸೆ ಉರುಳಿಸುತ್ತದೆ. ವ್ಯಾಪಾರಿ ತಲೆಗೆ ಹೊಡೆಯುತ್ತಾನೆ, ಗಿಳಿಯ ತಲೆ ಬೋಳಾಗುತ್ತದೆ, ಅದು ಮಾತು ನಿಲ್ಲಿಸುತ್ತದೆ. ಕೆಲವು ದಿನದ ಮೇಲೆ ಬೋಳು ತಲೆಯ ಫಕೀರನೊಬ್ಬ ಬೀದಿಯಲ್ಲಿ ಹೋಗುವುದನ್ನು ಕಂಡು, ನೀನೂ ಎಣ್ಣೆ ಚೆಲ್ಲಿದೆಯಾ ಎಂದು ಕೇಳುತ್ತದೆ. ಅಂಗಡಿಯಲ್ಲಿ ಗಿಳಿ ಇಟ್ಟವರಿಗೆ ಇದು ಕಟ್ಟುಕತೆ ಅನ್ನಿಸುವುದೇ ಇಲ್ಲ.

ರೂಮಿ ಇದ್ದದ್ದು ಕೊನ್ಯಾದಲ್ಲಿ, ಈಗಿನ ಟರ್ಕಿ. ಅವರ ಇನ್ನೊಂದು ಗಿಳಿಕತೆಯಲ್ಲಿ ಪಂಜರದ ಗಿಳಿ ತನ್ನ ಬಳಗಕ್ಕೆ ಸುದ್ದಿ ಕಳಿಸುವುದು ಹಿಂದೂಸ್ತಾನಕ್ಕೆ. ಅಷ್ಟು ದೂರದ ಜನರಿಗೂ ಗಿಳಿಯ ತವರು ಗೊತ್ತಿತ್ತು. ಅದಕ್ಕೂ ಬಹಳ ಹಿಂದೆ, ಕ್ರಿ.ಪೂ. 400ರ ಸುಮಾರಿಗೆ, ಪರ್ಷಿಯಾ ದೊರೆಯ ವೈದ್ಯನಾಗಿದ್ದ ಗ್ರೀಕ್ ಕ್ಟೇಸಿಯಸ್, ಮನುಷ್ಯರಂತೆ ಮಾತಾಡುವ ಭಾರತದ ಹಕ್ಕಿಯೊಂದರ ವಿಷಯ ಬರೆದ. 1330ರಲ್ಲಿ ಬದಾಯೂನಿನ ಜಿಯಾಉದ್ದೀನ್ ನಕ್ಷಬಿ, ಸಂಸ್ಕೃತದ ಶುಕಸಪ್ತತಿಯ ಕತೆಗಳ ಎಳೆ ಹಿಡಿದು ಫಾರಸಿಯಲ್ಲಿ ತೂತಿನಾಮಾ ಮುಗಿಸಿದ. ಅಕ್ಬರ್ ಅದಕ್ಕೆ ಚಿತ್ರ ಬರೆಸಿದ, ಆ ಹಸ್ತಪ್ರತಿಯ ಹೆಚ್ಚಿನ ಭಾಗ ಈಗ ಅಮೆರಿಕದ ಕ್ಲೀವ್‌ಲ್ಯಾಂಡ್ ವಸ್ತುಸಂಗ್ರಹಾಲಯದಲ್ಲಿದೆ.

ಈ ಕತೆಗಳಲ್ಲೆಲ್ಲ ಗಿಳಿ ಮಾತಾಡುತ್ತದೆ, ಬುದ್ಧಿ ಹೇಳುತ್ತದೆ. ಆದರೆ ಅದು ಮನೆಗೆ ಬಂದದ್ದು ಹೇಗೆ ಎಂದು ಕೇಳುವವರು ಕಡಿಮೆ. ಕೇಳಿದವನು ಬಾಣ. 7ನೇ ಶತಮಾನದ ಅವನ ಕಾದಂಬರಿಯನ್ನು ನಾಗವರ್ಮ ಕನ್ನಡಕ್ಕೂ ತಂದಿದ್ದಾನೆ. ಅಲ್ಲಿ ಕತೆ ಹೇಳುವ ಗಿಳಿಯೇ ತನ್ನ ಗೂಡಿನ ವಿಷಯ ಹೇಳುತ್ತದೆ: ಪಂಪಾ ಸರೋವರದ ಬಳಿಯ ಹಳೆಯ ಬೂರುಗದ ಮರ, ಪೊಟರೆ ಪೊಟರೆಗೂ ಗಿಳಿಗಳು, ಮರ ಹತ್ತಿದ ಮುದಿ ಬೇಡ ಒಂದೊಂದನ್ನೇ ಎಳೆದು ಕೊಂದು ಕೆಳಗೆ ಎಸೆಯುವುದು, ತಂದೆಯ ರೆಕ್ಕೆಯಡಿ ಅಡಗಿದ್ದ ಮರಿಯೊಂದು ತರಗೆಲೆಯ ಮೇಲೆ ಬಿದ್ದು ಉಳಿಯುವುದು. ಬೇಡನಿಗೆ ಬೇಕಿದ್ದದ್ದು ಮಾಂಸ, ನಿಜ. ಆದರೆ ಪಂಜರಕ್ಕೆ ಮರಿ ಬೇಕೆಂದವನೂ ಅದೇ ಪೊಟರೆಗೇ ಕೈ ಹಾಕಬೇಕು.

ಗಿಳಿ ತಾನಾಗಿ ಗೂಡು ಕಟ್ಟುವುದಿಲ್ಲ. ಮರಕುಟಿಗವೋ ಕುಟ್ರುಹಕ್ಕಿಯೋ ಕೊರೆದು ಬಿಟ್ಟ ತೂತನ್ನು, ಹಳೆ ಮರದ ಪೊಟರೆಯನ್ನು, ಕೋಟೆ ಗೋಡೆಯ ಬಿರುಕನ್ನು ಹುಡುಕುತ್ತದೆ. ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಮೂರು ವಾರ ಚಿಲ್ಲರೆ ಕಾವು, ಮರಿ ಹೊರಗೆ ಹಾರಲು ಮತ್ತೆ ಆರೇಳು ವಾರ. ಮರಿ ತೆಗೆಯುವವನು ಪೊಟರೆಯ ಬಾಯಿ ಕಡಿದು ದೊಡ್ಡದು ಮಾಡಿದರೆ ಮುಂದಿನ ವರ್ಷ ಆ ಜಾಗ ಯಾವ ಜೋಡಿಗೂ ಬರುವುದಿಲ್ಲ. ಆಮೇಲೆ ಮರಿಗಳು ಸಾಗಣೆಯಲ್ಲಿ ಉಸಿರು ಕಟ್ಟಿ ಸಾಯುವುದು ಬೇರೆ. ಒಂದು ಮನೆಯ ಪ್ರೀತಿಯ ಮಿಟ್ಟುವಿನ ಹಿಂದೆ ನಾವು ನೋಡದ ಲೆಕ್ಕ ಇದು.

ಮದರಸದಲ್ಲಿ ನಾವೆಲ್ಲ ಅಬೂ ಉಮೈರ್ ಎಂಬ ಪುಟ್ಟ ಹುಡುಗ ಮತ್ತು ಅವನ ಹಕ್ಕಿಯ ಕತೆ ಕೇಳಿದವರೇ. ಹಕ್ಕಿ ಸಾಕಬಹುದು ಎನ್ನಲು ಉಲಮಾಗಳು ತೋರಿಸುವುದು ಅದನ್ನೇ. ಅದರ ಜೊತೆಗೇ ಇನ್ನೊಂದಿದೆ: ಪ್ರಯಾಣದಲ್ಲಿ ಮರಿ ಕಳೆದುಕೊಂಡ ತಾಯಿಹಕ್ಕಿ ರೆಕ್ಕೆ ಬಡಿಯುವುದನ್ನು ಕಂಡು ಪ್ರವಾದಿಯವರು ಮರಿಗಳನ್ನು ವಾಪಸ್ ಕೊಡಿಸಿದ್ದು. ಮನೆಗಳಲ್ಲಿ ಮೊದಲನೆಯದನ್ನೇ ಹೆಚ್ಚು ಹೇಳುತ್ತಾರೆ.

ಕಾನೂನಿನ ಚರಿತ್ರೆ ಚಿಕ್ಕದು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆಗಿನ್ನೂ ಗಿಳಿ ರಫ್ತು ಮಾಡುವ ದೊಡ್ಡ ದೇಶಗಳಲ್ಲಿ ಭಾರತವೂ ಒಂದು. 1990-91ರ ಹೊತ್ತಿಗೆ ದೇಶದ ಕಾಡುಹಕ್ಕಿಗಳ ವ್ಯಾಪಾರಕ್ಕೆ ನಿಷೇಧ ಬಿತ್ತು. 2022ರ ತಿದ್ದುಪಡಿಯಲ್ಲಿ ಪಟ್ಟಿಗಳನ್ನೆಲ್ಲ ಹೊಸದಾಗಿ ಬರೆದು, ನಮ್ಮ ಮಾಮೂಲಿ ಹಸಿರು ಗಿಳಿಯನ್ನು ಎರಡನೇ ಅನುಸೂಚಿಗೆ ಸೇರಿಸಿದರು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಮೂರು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಪೆಟ್ ಶಾಪಿನಲ್ಲಿ "ಲವ್ ಬರ್ಡ್ಸ್" ಎಂದು ಮಾರುವ ಬಜರಿಗಾರ್ ಆಸ್ಟ್ರೇಲಿಯಾ ಮೂಲದ್ದು, ಗೂಡುಪೆಟ್ಟಿಗೆಯಲ್ಲಿ ಮರಿ ಮಾಡಿಸಿದ್ದು. ಅದಕ್ಕೆ ಈ ನಿಷೇಧ ಇಲ್ಲ.

2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ತಮಿಳುನಾಡಿನ ಕಡಲೂರಿನಲ್ಲಿ ಒಂದು ಗಿಳಿ ಚೀಟಿ ತೆಗೆದು, ಪಿಎಂಕೆ ಅಭ್ಯರ್ಥಿಯಾಗಿದ್ದ ಸಿನಿಮಾ ನಿರ್ದೇಶಕ ತಂಗರ್ ಬಚ್ಚನ್ ಗೆಲ್ಲುತ್ತಾರೆ ಎಂದಿತು. ವಿಡಿಯೋ ಹರಿದಾಡಿತು. ಅರಣ್ಯ ಇಲಾಖೆಯವರು ಬಂದು ಗಿಳಿಶಾಸ್ತ್ರದವನನ್ನು ಹಿಡಿದರು, ಎಚ್ಚರಿಕೆ ಕೊಟ್ಟು ಬಿಟ್ಟರು. ಅಭ್ಯರ್ಥಿ ಸೋತರು.

ಆ ಸುದ್ದಿ ನೋಡಿ ಉಳ್ಳಾಲದಿಂದ ಉಮ್ಮನ ತಂಗಿ ನನಗೆ ಫೋನ್ ಮಾಡಿದರು. ಅವರ ಮನೆಯಲ್ಲಿ ಹನ್ನೊಂದು ವರ್ಷದ ಗಿಳಿಯಿದೆ. ಮಕ್ಕಳೆಲ್ಲ ಗಲ್ಫಿನಲ್ಲಿ, ಮನೆಯಲ್ಲಿ ಮಾತಾಡಲು ಉಳಿದಿರುವುದು ಅದೊಂದೇ. "ಬಾಗಿಲು ತೆಗೆದು ಬಿಟ್ಟುಬಿಡಲಾ ಮೋನೇ?" ಎಂದು ಕೇಳಿದರು.

ಬೇಡ ಅಂದೆ. ಇದನ್ನು ಓದುತ್ತಿರುವ ಯಾರಿಗಾದರೂ ಅದೇ ಯೋಚನೆ ಇದ್ದರೆ ನಿಮಗೂ ಅದೇ ಉತ್ತರ. ಹನ್ನೊಂದು ವರ್ಷ ಚಾಚದ ರೆಕ್ಕೆಯಲ್ಲಿ ಹಾರುವ ಬಲ ಇರುವುದಿಲ್ಲ. ವರ್ಷಗಟ್ಟಲೆ ನಿಲ್ಲಿಸಿಟ್ಟ ಇಂಜಿನ್ ಒಂದೇ ಸಲ ಎತ್ತಿಕೊಳ್ಳುವುದಿಲ್ಲ, ನನ್ನ ಕಸುಬಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಅದಕ್ಕೆ ಆಹಾರ ಹುಡುಕಲು ಗೊತ್ತಿಲ್ಲ, ಬೆಕ್ಕಿನ ಹೆದರಿಕೆ ಇಲ್ಲ, ಕಾಗೆಗಳು ಮುತ್ತಿದರೆ ಮುಗಿಯಿತು. ದಾರಿಯೆಂದರೆ ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಾವಾಗಿ ಒಪ್ಪಿಸುವುದು. ತಮಿಳುನಾಡಿನ ಕೆಲವು ಕಡೆ ಇಲಾಖೆಯೇ ಹಾಗೆ ತಂದೊಪ್ಪಿಸಿ ಎಂದು ಪ್ರಕಟಣೆ ಕೊಟ್ಟಿದೆ. ಪುನರ್ವಸತಿ ಕೇಂದ್ರಗಳಲ್ಲಿ ಮೊದಲು ದೊಡ್ಡ ಗೂಡಿನಲ್ಲಿ, ಬೇರೆ ಗಿಳಿಗಳ ಜೊತೆ ಹಾರಿಸಿ ನೋಡುತ್ತಾರೆ. ಹಾರಲಾಗದ್ದನ್ನು ಅಲ್ಲೇ ಉಳಿಸಿಕೊಳ್ಳುತ್ತಾರೆ.

ಅವರ ಮಗ ಶಾರ್ಜಾದಲ್ಲಿದ್ದಾನೆ. ಅಲ್ಲಿ ಇದೇ ಹಸಿರು ಗಿಳಿಗಳು ಖರ್ಜೂರದ ಮರಗಳಲ್ಲಿ ಗುಂಪುಗುಂಪಾಗಿ ಕಿರುಚುತ್ತವೆ. ಪಂಜರದಿಂದ ತಪ್ಪಿಸಿಕೊಂಡವುಗಳ ಸಂತತಿ ಅವು, ಲಂಡನ್ನಿನ ಪಾರ್ಕುಗಳಲ್ಲಿ ಇರುವವೂ ಹಾಗೇ. ಅವನು ವಿಡಿಯೋ ಕಳಿಸಿ, ಅವೆಲ್ಲ ಬದುಕಲಿಲ್ಲವಾ ಎಂದು ವಾದ ಹೂಡಿದ್ದಾನೆ. ಬದುಕಿದವು ಕಾಣುತ್ತವೆ, ಬದುಕದವು ವಿಡಿಯೋದಲ್ಲಿ ಬರುವುದಿಲ್ಲ ಎಂದು ಉತ್ತರ ಕಳಿಸಿದ್ದೇನೆ.

ಉಮ್ಮನ ತಂಗಿಗೆ ಕಾನೂನಿನ ವಿಷಯ ಅರ್ಥವಾಗಿದೆ. ಅವರ ಚಿಂತೆ ಬೇರೆ. ಗಿಳಿಗೆ ದಿನಾ ಬೆಳಿಗ್ಗೆ ಒಂದು ಹಣ್ಣುಮೆಣಸು ಬೇಕು. ಖಾರ ಹಕ್ಕಿಗಳಿಗೆ ತಾಗುವುದಿಲ್ಲ, ನಾಲಿಗೆ ಉರಿಸುವ ಆ ಅಂಶ ಅವುಗಳ ನರಕ್ಕೆ ಗೊತ್ತಾಗುವುದೇ ಇಲ್ಲ, ಮೆಣಸಿನಲ್ಲಿ ಎ ಜೀವಸತ್ವಕ್ಕೆ ಬೇಕಾದದ್ದೂ ಇದೆ. ಇದೇನೂ ಓದದೆ ಅವರು ಹನ್ನೊಂದು ವರ್ಷ ಸರಿಯಾದದ್ದನ್ನೇ ಕೊಟ್ಟಿದ್ದಾರೆ. "ಅಲ್ಲಿ ಮೆಣಸು ಕೊಡುತ್ತಾರಾ?" ಎಂದು ನಿನ್ನೆಯೂ ಕೇಳಿದರು. ಕೇಳಿ ಹೇಳುತ್ತೇನೆ ಅಂದಿದ್ದೇನೆ.