ಅಂಬಾಸಿಡರ್ ಮೇಲಾ, ಫಿಯಟ್ ಮೇಲಾ? ಹಡಗಲಿ ರಸ್ತೆಯ ಲೆಕ್ಕ

ಇವತ್ತಿನ ಎಪಿಸೋಡ್ ಎರಡು ಹಳೆ ಕಾರುಗಳ ಬಗ್ಗೆ. ಒಂದು ಅಂಬಾಸಿಡರ್. ಇನ್ನೊಂದು ಪ್ರೀಮಿಯರ್ ಪದ್ಮಿನಿ. 1974ರಲ್ಲಿ ಪದ್ಮಿನಿ ಅಂತ ಹೆಸರಿಟ್ಟರೂ ನಮ್ಮ ಕಡೆ ಹಿರಿಯರ ಬಾಯಲ್ಲಿ ಅದು ಇವತ್ತಿಗೂ 'ಫಿಯಟ್ ಕಾರು'.

ಇವೆರಡೇ ಯಾಕೆ ಅಂದ್ರೆ, ಬೇರೆ ಇರಲೇ ಇಲ್ಲ ಅನ್ನಬಹುದು. 1950ರ ದಶಕದಲ್ಲಿ ಸರ್ಕಾರ, ಇಲ್ಲೇ ಕಾರು ತಯಾರಿಸೋ ಯೋಜನೆ ಇದ್ದವರಿಗೆ ಮಾತ್ರ ಅವಕಾಶ ಅಂತು. ಬಿಡಿಭಾಗ ತಂದು ಜೋಡಿಸ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್ ಅಂಗಡಿ ಮುಚ್ಚಿ ಹೋದವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಆಯ್ತು. ಇಟಲಿಯ ಫಿಯಟ್ 1100 ಮುಂಬೈಯ ಕುರ್ಲಾದಲ್ಲಿ ತಯಾರಾಯ್ತು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು.

ಈಗ ಓಟದ ವಿಷಯ. ಓದಿದ್ದು ಬಿಕಾಂ, ಹಂಗಾಗಿ ಲೆಕ್ಕ ಹಾಕದೆ ಇರಕ್ಕಾಗಲ್ಲ. ಫಿಯಟ್ ಎಂಜಿನ್ 1089 ಸಿಸಿ, ಸುಮಾರು 40 ಎಚ್‌ಪಿ, ಗಾಡಿ ತೂಕ ಸುಮಾರು 900 ಕೆಜಿ. ಪೆಟ್ರೋಲ್ ಅಂಬಾಸಿಡರ್ 1489 ಸಿಸಿ, ಸುಮಾರು 50 ಎಚ್‌ಪಿ, 1100 ಕೆಜಿ. ಅಂದ್ರೆ ಖಾಲಿ ಗಾಡಿಯಲ್ಲಿ ಒಂದು ಎಚ್‌ಪಿ ಎಳೆಯೋದು ಎರಡರಲ್ಲೂ ಹೆಚ್ಚುಕಡಿಮೆ 22 ಕೆಜಿ. ಸಮಸಮ! ಫಿಯಟ್ ಚಿಕ್ಕದು, ಹಗುರ, ತಿರುಗಿಸೋಕೆ ಸಲೀಸು. ಮುಂಬೈ ಟ್ಯಾಕ್ಸಿಯವರು ಅದನ್ನ ಒಪ್ಪಿಕೊಂಡಿದ್ದು ಸುಮ್ಮನೆ ಅಲ್ಲ.

ಆದ್ರೆ ಹೂವಿನಹಡಗಲಿಯಿಂದ ಮೈಲಾರ ಜಾತ್ರೆಗೆ ಯಾರು ಖಾಲಿ ಗಾಡಿ ಓಡಿಸ್ತಾರೆ? ಏಳು ಜನ ಕೂರಿಸಿ ನೋಡ್ರಿ. ತಲೆಗೆ 60 ಕೆಜಿ ಅಂದ್ರೆ 420 ಕೆಜಿ. ಈಗ ಫಿಯಟ್‌ನ ಒಂದೊಂದು ಎಚ್‌ಪಿ ಮೇಲೆ 33 ಕೆಜಿ, ಅಂಬಾಸಿಡರ್‌ನಲ್ಲಿ 30 ಚಿಲ್ಲರೆ. ಭಾರ ಏರಿದಂಗೆ ಫಿಯಟ್ ಹಿಂದೆ ಬೀಳ್ತದೆ. ಬಾಡಿಗೆ ಗಾಡಿಯವನ ಹೊಟ್ಟೆಪಾಡು ಇರೋದೇ ತಲೆ ಲೆಕ್ಕದ ಮೇಲೆ. ರಾತ್ರಿ ಹೆರಿಗೆ ನೋವು ಅಂತ ಕರೆ ಬಂದ್ರೆ ಹಿಂದಿನ ಅಗಲ ಸೀಟಲ್ಲಿ ಮಲಗಿಸಿಕೊಂಡು, ಜೊತೆಗೆ ಬರೋ ಹೆಂಗಸರನ್ನೂ ಕೂರಿಸಬೇಕು.

ಮಜಾ ಇರೋದು ಡೀಸೆಲ್‌ನಲ್ಲಿ. 1980ರ ಹೊತ್ತಿಗೆ ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ ಬಂತು. ಶಕ್ತಿ 40 ಎಚ್‌ಪಿಗಿಂತ ಕಡಿಮೆ, ಸದ್ದು ಜಾಸ್ತಿ, ಏರಿನಲ್ಲಿ ಆಮೆ. ಓಟದಲ್ಲಿ ಮೂರರಲ್ಲಿ ಇದೇ ಕೊನೆ. ಆದ್ರೂ ಬಾಡಿಗೆಗೆ ಇದೇ ಗೆದ್ದಿತು, ಯಾಕಂದ್ರೆ ಡೀಸೆಲ್ ಅಗ್ಗ. ಫಿಯಟ್‌ಗೆ ಡೀಸೆಲ್ ಬರೋಕೆ 1990ರ ದಶಕ ಕಾಯಬೇಕಾಯ್ತು.

'ಯಾವ ಮೆಕ್ಯಾನಿಕ್ ಬೇಕಾದ್ರೂ ರಿಪೇರಿ ಮಾಡ್ತಿದ್ದ' ಅಂತ ಅಂಬಾಸಿಡರ್‌ನ ಹೊಗಳ್ತಾರಲ್ಲ, ಅದರಲ್ಲಿ ಅರ್ಧ ಪುಣ್ಯ ಸ್ಪರ್ಧೆ ಇಲ್ಲದ್ದಕ್ಕೆ ಸೇರಬೇಕು ಅನ್ನೋದು ನನ್ನ ವಾದ. ದಶಕಗಟ್ಟಲೆ ಗಾಡಿ ಬದಲಾಗಲೇ ಇಲ್ಲ, ಹಂಗಾಗಿ ಕೈ ಪಳಗಿತು. ಅದೇ ಕಾರಣಕ್ಕೆ ಭಾರದ ಸ್ಟೀರಿಂಗ್, ಕುಡಿಯೋ ಪೆಟ್ರೋಲ್ ಕೂಡ ಹಂಗೇ ಉಳಿದ್ವು.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಮನೆಗೆ ಕಾರು ಕೊಳ್ಳೋರು ಆ ಕಡೆ ತಿರುಗಿದರು. ಬಾಡಿಗೆಯವರಿಗೆ 796 ಸಿಸಿ ಗಾಡಿ ಸಾಲದು. ಅವರು ಅಂಬಾಸಿಡರ್‌ನಲ್ಲೇ ದುಡಿದು, ಆಮೇಲೆ ಟ್ರ್ಯಾಕ್ಸ್‌ಗೆ, ಕ್ರೂಸರ್‌ಗೆ ಹೋದರು. ಉತ್ತರಪಾರಾದಲ್ಲಿ ಕೆಲಸ ನಿಂತದ್ದು 2014ರ ಮೇನಲ್ಲಿ. ಭಾರತ ಹುಣ್ಣಿಮೆಗೆ ಮೈಲಾರದ ದಾರಿಯಲ್ಲಿ ನಿಂತ್ರೆ ಈಗ ಸಾಲುಸಾಲು ಕ್ರೂಸರ್. ಒಳಗೆ ತಲೆ ಎಣಿಸೋಕೆ ಹೋಗಬೇಡಿ.