ಅಯಾನೀಕರಣದ ಜಾಡಿನಲ್ಲಿ ಕೋಲಾರದ ಚಿನ್ನದ ಗಣಿ

ವಿಕಿರಣವು ತಾನು ಹಾಯುವ ವಸ್ತುವಿನ ಪರಮಾಣುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತು ಅವುಗಳನ್ನು ವಿದ್ಯುದಾವೇಶವುಳ್ಳ ಅಯಾನುಗಳನ್ನಾಗಿಸುವ ಕ್ರಿಯೆಗೆ ಅಯಾನೀಕರಣವೆಂದು ಹೆಸರು. 1899ರಲ್ಲಿ ಅರ್ನೆಸ್ಟ್ ರುದರ್‌ಫರ್ಡ್ ಯುರೇನಿಯಂ ಮೇಲೆ ತೆಳುವಾದ ಲೋಹದ ಹಾಳೆಗಳನ್ನು ಒಂದೊಂದಾಗಿ ಹೊದಿಸುತ್ತ, ಗಾಳಿಯಲ್ಲಿ ಉಂಟಾಗುವ ಅಯಾನೀಕರಣವು ಹೇಗೆ ಕುಗ್ಗುವುದೆಂದು ಅಳೆದು, ಬೇಗ ತಡೆಗೊಳ್ಳುವ ಕಿರಣಕ್ಕೆ ಆಲ್ಫಾ ಎಂದೂ ಇನ್ನೂ ಒಳಹೊಗುವ ಕಿರಣಕ್ಕೆ ಬೀಟಾ ಎಂದೂ ಹೆಸರಿಟ್ಟರು. ಮರುವರ್ಷ ಪಾಲ್ ವಿಲ್ಲಾರ್ ಗುರುತಿಸಿದ ಇನ್ನೊಂದು ಕಿರಣ ಮುಂದೆ ಗ್ಯಾಮಾ ಎನಿಸಿಕೊಂಡಿತು. ಎರಡು ಘಟಕ ಧನಾವೇಶ ಹೊತ್ತು ನಿಧಾನವಾಗಿ ಸಾಗುವ ಭಾರವಾದ ಆಲ್ಫಾ ಕಣವು ಗಾಳಿಯ ಪ್ರತಿ ಸೆಂಟಿಮೀಟರಿನಲ್ಲಿ ಹತ್ತಾರು ಸಾವಿರ ಅಯಾನು ಜೋಡಿಗಳನ್ನು ಎಬ್ಬಿಸಿ, ಊರ ಬಾಗಿಲಲ್ಲೇ ಬುತ್ತಿ ಬಿಚ್ಚಿ ಉಂಡು ಮುಗಿಸಿದ ದಾರಿಹೋಕನಂತೆ, ಕೆಲವೇ ಸೆಂಟಿಮೀಟರಿನಲ್ಲಿ ಸೋತು ನಿಲ್ಲುತ್ತದೆ. ಬೀಟಾ ಅದಕ್ಕಿಂತ ಬಹಳ ಕಡಿಮೆ ಅಯಾನೀಕರಿಸುತ್ತದೆ. ಆವೇಶವೇ ಇಲ್ಲದ ಗ್ಯಾಮಾ ತಾನು ಹೊಡೆದೆಬ್ಬಿಸಿದ ಇಲೆಕ್ಟ್ರಾನುಗಳ ಮೂಲಕವಷ್ಟೇ ಆ ಕೆಲಸ ಮಾಡುತ್ತದೆ.

ಕಡಿಮೆ ಅಯಾನೀಕರಿಸುವುದು ಹೆಚ್ಚು ಆಳಕ್ಕಿಳಿಯುತ್ತದೆಂಬ ಈ ಸಂಬಂಧವೇ ಕೋಲಾರದ ಚಿನ್ನದ ಗಣಿಯನ್ನು ಭೌತವಿಜ್ಞಾನದ ಚರಿತ್ರೆಗೆ ಸೇರಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳ ಅಧ್ಯಯನ ನಡೆಸಿ, 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದ ಹೋಮಿ ಭಾಭಾ ಅವರ ಸೂಚನೆಯಂತೆ, ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ 1951ರಲ್ಲಿ ಎಣಿಕೆ ಉಪಕರಣಗಳೊಂದಿಗೆ ಗಣಿಗಿಳಿದರು. ಅವರು ಅಳೆದದ್ದು ಮ್ಯುಆನುಗಳನ್ನು, ಅಂದರೆ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ, ಇಲೆಕ್ಟ್ರಾನಿಗಿಂತ ಸುಮಾರು 207 ಪಟ್ಟು ಭಾರವಾದ ಕಣಗಳನ್ನು. ಬೆಳಕಿನ ವೇಗಕ್ಕೆ ಹತ್ತಿರವಾಗಿ ಸಾಗುವ ಇವುಗಳ ಅಯಾನೀಕರಣ ಅತ್ಯಲ್ಪ. ಆದ್ದರಿಂದಲೇ ಅವು ಬಂಡೆಯನ್ನು ತೂರಿ ಬರುತ್ತವೆ. ಬಂಡೆಯಲ್ಲೇ ಇರುವ ಯುರೇನಿಯಂ, ಥೋರಿಯಂಗಳ ವಿಕಿರಣವೂ ಎಣಿಕೆಗೆ ಸಿಕ್ಕಿ ಗೊಂದಲವುಂಟುಮಾಡಬಲ್ಲದಾದ್ದರಿಂದ, ಹಲವು ಎಣಿಕೆ ಉಪಕರಣಗಳು ಒಂದೇ ಕ್ಷಣದಲ್ಲಿ ಸ್ಪಂದಿಸಿದಾಗ ಮಾತ್ರ ಲೆಕ್ಕಕ್ಕೆ ಹಿಡಿಯುವ ಕ್ರಮ ಇಂಥ ಪ್ರಯೋಗಗಳಿಗೆ ಅನಿವಾರ್ಯ.

1960ರ ದಶಕದ ಆರಂಭದಲ್ಲಿ 2,760 ಮೀಟರ್ ಆಳದಲ್ಲಿ ಎಣಿಕೆ ನಡೆಸಿದಾಗ ಒಂದು ಮ್ಯುಆನೂ ದೊರೆಯಲಿಲ್ಲ. ಬರಿಗೈಯ ಈ ಫಲಿತಾಂಶವೇ ಹೆಚ್ಚಿನ ಬೆಲೆಯದಾಯಿತು: ಮೇಲಿನಿಂದ ಬರುವ ಮ್ಯುಆನುಗಳು ಇಷ್ಟು ವಿರಳವಾದ ಆಳದಲ್ಲಿ ಅಡ್ಡಡ್ಡಲಾಗಿ ಹಾಯುವ ಕಣವೊಂದು ಕಂಡರೆ, ಅದು ವಿಶ್ವಕಿರಣಗಳಿಂದ ವಾಯುಮಂಡಲದಲ್ಲೇ ಹುಟ್ಟುವ, ಸ್ವತಃ ಅಯಾನೀಕರಿಸದ ನ್ಯೂಟ್ರಿನೊ ಎಂಬ ಕಣ ಬಂಡೆಗೆ ತಾಗಿ ಹುಟ್ಟಿಸಿದ್ದೇ ಆಗಿರಬೇಕು. 1965ರಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಬ್ರಿಟನ್ನಿನ ಡರ್ಹಮ್ ವಿಶ್ವವಿದ್ಯಾಲಯದ ಜಂಟಿ ತಂಡವು ಸುಮಾರು 2,300 ಮೀಟರ್ ಆಳದಲ್ಲಿ ಅಂಥ ಜಾಡುಗಳನ್ನು ಪತ್ತೆಹಚ್ಚಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ವಾಯುಮಂಡಲದ ನ್ಯೂಟ್ರಿನೊ ಕಾಣಿಸಿತು. ಆದರೆ ಕೋಲಾರದ ಪ್ರಯೋಗಾಲಯಕ್ಕೆ ಇಳಿಯುವ ಲಿಫ್ಟು, ಗಾಳಿ, ನೀರೆತ್ತುವ ಪಂಪುಗಳೆಲ್ಲ ಗಣಿಯವೇ ಆಗಿದ್ದವು. ಚಿನ್ನದ ಲಾಭ ಬತ್ತುತ್ತಿದ್ದಂತೆ 1992ರಲ್ಲಿ ಪ್ರಯೋಗಗಳು ನಿಂತವು, 2001ರಲ್ಲಿ ಗಣಿಯೇ ಮುಚ್ಚಿತು.