ಕಾವೇರಿಯ ಮಿಂಚಿಗೆ ಒಡೆಯರಾರು

ದೀಪ ಆರಿದೊಡನೆ ನಮ್ಮ ಕಡೆ ಜಗಲಿಯ ಮೇಲೆ ಕುಳಿತ ಹಿರಿಯರ ಬಾಯಿಂದ ಈಗಲೂ ಹೊರಡುವ ಮಾತು ಒಂದೇ: ‘ಕೆ.ಇ.ಬಿ.ಯೋರು ಕರೆಂಟ್ ತೆಗೆದ್ರು.’ ಆ ಹೆಸರಿನ ಮಂಡಲಿಯು ಇಲ್ಲವಾಗಿ ಕಾಲು ಶತಮಾನ ಸಂದಿತು. 1999ರಲ್ಲಿ ಅದು ವಿದ್ಯುತ್ ಪ್ರಸರಣ ನಿಗಮವೆಂಬ ಬೇರೊಂದು ಹೆಸರನ್ನು ತಾಳಿತು. 2002ರಲ್ಲಿ ಆ ನಿಗಮದ ಒಡಲಿನಿಂದ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂಬ ವಿತರಣಾ ಕಂಪನಿಗಳು ಹೊರಬಂದುವು. ಬಿಲ್ಲಿನ ಶಿರೋನಾಮೆ ಬದಲಾಯಿತು, ಲಾಂಛನ ಬದಲಾಯಿತು, ಮೀಟರು ಓದುವವನ ಕೈಯೊಳಗಿದ್ದ ಪುಸ್ತಕ ಹೋಗಿ ಪುಟ್ಟ ಯಂತ್ರವೊಂದು ಬಂದಿತು. ಕಂಬ ಹತ್ತುವವನು ಮಾತ್ರ ಜನರ ಪಾಲಿಗೆ ಕೆ.ಇ.ಬಿ.ಯವನಾಗಿಯೇ ಉಳಿದನು. ಈ ಕಂಪನಿಗಳೆಲ್ಲವೂ ಸರ್ಕಾರದ ಒಡೆತನದಲ್ಲಿಯೇ ಇರುವುದರಿಂದ ಜನರ ಮಾತಿನಲ್ಲಿ ತಪ್ಪು ಹುಡುಕುವಂತಿಲ್ಲ. ಆ ಒಡೆತನವಾದರೋ ಮಂಡಲಿಗಿಂತಲೂ ಹಳೆಯದು, ಸ್ವಾತಂತ್ರ್ಯಕ್ಕಿಂತಲೂ ಹಳೆಯದು. ಅದು ಆರಂಭವಾದದ್ದು ಮೈಸೂರು ಸಂಸ್ಥಾನದ ಒಂದು ಜಲಪಾತದ ಬುಡದಲ್ಲಿ.

ಹತ್ತೊಂಬತ್ತನೆಯ ಶತಮಾನವು ಮುಗಿಯುವ ಹೊತ್ತಿಗೆ ಭರತಖಂಡದಲ್ಲಿ ವಿದ್ಯುತ್ತಿನ ಒಡೆತನಕ್ಕೆ ಒಂದಕ್ಕೊಂದು ಹೋಲದ ಮಾದರಿಗಳು ಕಣ್ಣಮುಂದಿದ್ದುವು. ಡಾರ್ಜಿಲಿಂಗಿನ ಪುರಸಭೆಯು 1897ರ ನವೆಂಬರಿನಲ್ಲಿ ಸಿದ್ರಾಪಾಂಗಿನ ತೊರೆಯ ನೀರಿನಿಂದ 130 ಕಿಲೋವ್ಯಾಟಿನ ಪುಟ್ಟ ವಿದ್ಯುದಾಗಾರವನ್ನು ನಡೆಸಿ ತನ್ನ ಬೀದಿಗಳನ್ನು ತಾನೇ ಬೆಳಗಿಸಿಕೊಂಡಿತು. ಅದೇ ವರ್ಷ ಲಂಡನ್ನಿನಲ್ಲಿ ನೋಂದಣಿಯಾದ ಕಂಪನಿಯೊಂದು ಕಲ್ಕತ್ತೆಗೆ ಕರೆಂಟು ಮಾರುವ ಲೈಸೆನ್ಸನ್ನು ಪಡೆದು, 1899ರ ಏಪ್ರಿಲಿನಲ್ಲಿ ಇಮಾಮ್‌ಬಾಗ್ ಗಲ್ಲಿಯಲ್ಲಿ ಕಲ್ಲಿದ್ದಲಿನ ಒಲೆ ಹಚ್ಚಿತು. ನಮ್ಮ ಗೋಕಾಕದ ಹತ್ತಿಗಿರಣಿಯವರು ಇವೆರಡಕ್ಕೂ ಮೊದಲೇ, 1887ರಲ್ಲಿ, ಘಟಪ್ರಭೆಯ ನೀರನ್ನು ತಮ್ಮ ಯಂತ್ರಗಳಿಗೆ ಹೂಡಿದ್ದರಾದರೂ, ಅದು ತಮ್ಮ ಮನೆಯ ಒಲೆಗೆ ತಾವೇ ಕಡಿದುಕೊಂಡ ಸೌದೆಯಂತೆ ಅವರ ಗಿರಣಿಯ ಮಟ್ಟಿಗೆ ನಿಂತಿತು.

ಮೈಸೂರಿನ ಕಣ್ಣಮುಂದಿದ್ದುದು ಕಾವೇರಿ. ಶಿವನಸಮುದ್ರದಲ್ಲಿ ನದಿಯು ಎರಡು ಕವಲಾಗಿ ಒಡೆದು ಗಗನಚುಕ್ಕಿ ಭರಚುಕ್ಕಿಗಳೆಂಬ ಹೆಸರಿನಲ್ಲಿ ಕೆಳಗೆ ಧುಮುಕುತ್ತದೆ. ಆ ನೀರಿನ ಬಲವನ್ನು ತಮಗೆ ವಹಿಸಿಕೊಡಬೇಕೆಂದು ಖಾಸಗಿ ಉದ್ಯಮಿಗಳು ಅರ್ಜಿ ಸಲ್ಲಿಸಿದ್ದುಂಟು. ಕೊಟ್ಟುಬಿಟ್ಟಿದ್ದರೆ ಬೊಕ್ಕಸಕ್ಕೆ ವರ್ಷಾಶನದಂತೆ ಒಂದಿಷ್ಟು ಗುತ್ತಿಗೆಯ ಹಣ ತೊಂದರೆಯಿಲ್ಲದೆ ಬರುತ್ತಿತ್ತು. ನಷ್ಟವಾದರೆ ಅದು ಅನ್ಯರ ನಷ್ಟವಾಗುತ್ತಿತ್ತು. ದಿವಾನ್ ಶೇಷಾದ್ರಿ ಅಯ್ಯರವರು ಆ ಸುಖದ ದಾರಿಯನ್ನು ಹಿಡಿಯಲಿಲ್ಲ. ಸಂಸ್ಥಾನದ ಡೆಪ್ಯುಟಿ ಚೀಫ್ ಎಂಜಿನಿಯರಾಗಿದ್ದ, ಕೆನಡಾದ ಫ್ರೆಂಚ್ ಮನೆತನವೊಂದರ ಕುಡಿಯಾದ ಜೋಲಿ ದ ಲೊಟ್‌ಬಿನಿಯೇರ್ ಎಂಬಾತನು ಇಂಥ ಕೆಲಸವು ಸಾಧ್ಯವೆಂದು ವರದಿ ಒಪ್ಪಿಸಿದಾಗ, ಅವನನ್ನು ಯೂರೋಪು ಅಮೆರಿಕಗಳಿಗೆ ಕಳುಹಿಸಿ, ನಯಾಗರದಂಥ ಕಾರ್ಯಗಳನ್ನು ಕಣ್ಣಾರೆ ಕಂಡು ಬರುವಂತೆ ಮಾಡಿ, ಬಂಡವಾಳವನ್ನು ಸಂಸ್ಥಾನವೇ ಹಾಕತಕ್ಕದ್ದೆಂದು ನಿರ್ಧರಿಸಿದರು. ನಯಾಗರದ ಮಿಂಚು ಬಫಲೋ ಪಟ್ಟಣಕ್ಕೆ ಇಪ್ಪತ್ತಾರು ಮೈಲಿ ಹರಿದು ಆಗ ಮೂರು ವರ್ಷ ಆಗಿತ್ತು, ಅದೂ ಖಾಸಗಿ ಕಂಪನಿಯ ಕೈಯಿಂದ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ತೊಂಬತ್ತೆರಡು ಮೈಲಿ. ಅಷ್ಟು ದೂರಕ್ಕೆ ತಂತಿಯ ಮೇಲೆ ಶಕ್ತಿಯನ್ನು ಕಳುಹಿಸುವ ಸಾಹಸವನ್ನು ಏಷ್ಯಾಖಂಡದಲ್ಲಿ ಅಲ್ಲಿಯವರೆಗೆ ಯಾರೂ ಕೈಗೊಂಡಿರಲಿಲ್ಲ. ಲೋಕದಲ್ಲಿಯೇ ಅಂಥವು ಬೆರಳೆಣಿಕೆಗೆ ಸಿಕ್ಕುವಷ್ಟಿದ್ದುವು.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜನರೇಟರುಗಳೂ ಸ್ವಿಟ್ಸರ್ಲೆಂಡಿನ ಎಸ್ಚರ್ ವಿಸ್ ಕಂಪನಿಯ ಟರ್ಬೈನುಗಳೂ ಕಡಲು ದಾಟಿ, ರೈಲು ಇಳಿದು, ಉಳಿದ ದಾರಿಯನ್ನು ಎತ್ತಿನ ಗಾಡಿ ಆನೆಗಳ ಸಹಾಯದಿಂದ ಸವೆಸಿದುವು. ಈಗ ಆ ಸ್ಥಳಕ್ಕೆ ಹೋದವರು ಕಡಿದಾದ ಇಳಿಜಾರಿನಲ್ಲಿ ಕಂಬಿಗಳ ಮೇಲೆ ಉಕ್ಕಿನ ಹಗ್ಗದ ಆಧಾರದಿಂದ ಇಳಿಯುವ ತೆರೆದ ಟ್ರಾಲಿಯನ್ನು ಕಾಣುತ್ತಾರೆ. ಪಕ್ಕದಲ್ಲಿಯೇ, ಬೆಟ್ಟದ ಮೈಗೆ ಒರಗಿ ಮಲಗಿದ ಹೆಬ್ಬಾವುಗಳಂತೆ, ನೀರಿನ ಕೊಳವೆಗಳು ಸುಮಾರು ನಾನೂರು ಅಡಿಯ ಆಳಕ್ಕೆ ಸಾಗಿವೆ. ಇಷ್ಟು ಭಾರದ ಕಬ್ಬಿಣವನ್ನು, ಕ್ರೇನೂ ಲಾರಿಯೂ ಇಲ್ಲದ ಕಾಲದಲ್ಲಿ, ಚಳಿಜ್ವರಕ್ಕೆ ಹೆಸರಾಗಿದ್ದ ಆ ಕಾಡುಕೊರಕಲಿಗೆ ಇಳಿಸಿದ ಕೂಲಿಯಾಳುಗಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. 1902ರ ಜೂನ್ 30ರಂದು, 720 ಕಿಲೋವ್ಯಾಟಿನ ಆರು ಯಂತ್ರಗಳು ತಿರುಗಿ, ಮೂವತ್ತು ಸಾವಿರ ವೋಲ್ಟಿಗೆ ಕಡಿಮೆಯಿಲ್ಲದ ಒತ್ತಡದಲ್ಲಿ ಕೋಲಾರಕ್ಕೆ ಶಕ್ತಿ ಹರಿಯಿತು. ದಿವಾನರು ಅದನ್ನು ನೋಡಲಿಲ್ಲ. ಹಿಂದಿನ ವರ್ಷವೇ ಅಧಿಕಾರ ಬಿಟ್ಟು, ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಿದ್ದರು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಸಾರ್ವಜನಿಕ ಒಡೆತನದ ಈ ಮಹಾಕಾರ್ಯದ ಮೊದಲ ಗಿರಾಕಿ ಪ್ರಜೆಯಲ್ಲ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಚಿನ್ನದ ಕಂಪನಿಗಳು. ದೂರದಿಂದ ತರಿಸಿದ ಕಲ್ಲಿದ್ದಲನ್ನೂ ಸುತ್ತಣ ಕಾಡಿನ ಕಟ್ಟಿಗೆಯನ್ನೂ ಸುಟ್ಟು ಉಗಿಯಂತ್ರ ನಡೆಸುತ್ತಿದ್ದ ಆ ಕಂಪನಿಗಳು ಸುಮಾರು ನಾಲ್ಕು ಸಾವಿರ ಕುದುರೆಶಕ್ತಿಯನ್ನು ಹತ್ತು ವರ್ಷದ ಕರಾರಿನ ಮೇಲೆ ಕೊಳ್ಳಲೊಪ್ಪಿದುದರಿಂದಲೇ ಸಂಸ್ಥಾನಕ್ಕೆ ಹಣ ಹೂಡುವ ಧೈರ್ಯ ಬಂದಿತು. ತಂತಿಯು ಮಂಡ್ಯ, ಬೆಂಗಳೂರು, ಕೋಲಾರದ ಸೀಮೆಗಳ ಎಷ್ಟೋ ಊರುಗಳ ಹೊಲದ ಮೇಲೆ ಹಾದುಹೋಯಿತು. ಅದರ ಕೆಳಗೆ ರಾಗಿ ಬೆಳೆಯುವವನ ಗುಡಿಸಲಿನಲ್ಲಿ ಹರಳೆಣ್ಣೆಯ ಹಣತೆ ಮೊದಲಿನಂತೆಯೇ ಉರಿಯಿತು. ಸರ್ಕಾರವು ಇಲ್ಲಿ ಪ್ರಜಾಪಾಲಕನಂತೆ ವರ್ತಿಸುವುದಕ್ಕೆ ಮುಂಚೆ ಜಾಣ ವರ್ತಕನಂತೆ ವರ್ತಿಸಿತೆಂದರೆ ನಿಂದೆಯಾಗದು. ಒಡೆತನವು ಸರ್ಕಾರದ್ದಾದ ಮಾತ್ರಕ್ಕೆ ಫಲವು ಸರ್ವರದಾಗುವುದೆಂದು ಹೇಳುವವರಿಗೆ ಕೋಲಾರದ ಲೈನಿನ ಮೊದಲ ಮೂರು ವರ್ಷಗಳನ್ನು ನೆನಪಿಸುವುದು ನ್ಯಾಯ.

ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲವೆಂಬುದೂ ಅಷ್ಟೇ ನಿಜ. ಗಣಿಗಳಿಂದ ಬಂದ ಆದಾಯವು ಲಂಡನ್ನಿನ ಷೇರುದಾರರ ಲಾಭಾಂಶವಾಗಿ ಹೋಗದೆ ಸಂಸ್ಥಾನದ ಲೆಕ್ಕಕ್ಕೆ ಸೇರಿದುದರಿಂದ, ಮುಂದಿನ ತಂತಿಯನ್ನು ಯಾವ ಕಡೆಗೆ ಎಳೆಯಬೇಕೆಂಬ ಪ್ರಶ್ನೆಗೆ ಉತ್ತರವು ಮೈಸೂರಿನಲ್ಲಿಯೇ ಹುಟ್ಟಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಪೇಟೆಯಲ್ಲಿ ಬೀದಿದೀಪ ಹತ್ತಿತು. ಏಣಿ ಹೊತ್ತು ಸಂಜೆಯ ಹೊತ್ತಿಗೆ ಕಂಬದಿಂದ ಕಂಬಕ್ಕೆ ನಡೆದು ಸೀಮೆಎಣ್ಣೆಯ ದೀಪ ಹಚ್ಚುವವನ ಕಸುಬು ಅಂದಿನಿಂದ ಇಳಿಮುಖವಾಯಿತು. 1908ರಲ್ಲಿ ಮೈಸೂರಿಗೂ ಅರಮನೆಗೂ ವಿದ್ಯುತ್ತು ಬಂದಿತು. ರಾಜಧಾನಿಯ ಅರಮನೆಗಿಂತ ಮೂರು ವರ್ಷ ಮೊದಲು ಬೆಂಗಳೂರಿನ ತರಕಾರಿಯವಳ ಅಂಗಡಿಯ ಮುಂದೆ ಬೆಳಕು ಬಿದ್ದುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ.

ಬೇಸಗೆಯಲ್ಲಿ ಕಾವೇರಿ ಬಡವಾಗಿ ಯಂತ್ರಗಳು ಸೊರಗುತ್ತಿದ್ದುವು. ಗಣಿಯವರು ಇನ್ನಷ್ಟು ಶಕ್ತಿಯನ್ನು ತಪ್ಪದೆ ಕೊಡಿರೆಂದು ಕೇಳುತ್ತಿದ್ದರು. ಚೀಫ್ ಎಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಈ ಬೇಡಿಕೆಯನ್ನೇ ಮೆಟ್ಟಿಲಾಗಿ ಮಾಡಿಕೊಂಡು 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವನ್ನು ಹಿಡಿದರು. ವಿದ್ಯುತ್ತಿಗೆಂದು ತಡೆದ ನೀರೇ ಕಾಲುವೆಯಾಗಿ ಮಂಡ್ಯದ ಗದ್ದೆಗಳಿಗೆ ಹರಿಯಿತು. ಕರೆಂಟು ಮಾರುವುದಷ್ಟೇ ಕಸುಬಾಗಿದ್ದ ಕಂಪನಿಯ ಲೆಕ್ಕದ ಪುಸ್ತಕದಲ್ಲಿ ಭತ್ತ ಕಬ್ಬುಗಳಿಗೆ ಕಲಮಿರುತ್ತಿರಲಿಲ್ಲ. ನೀರೂ ನೆಲವೂ ತಂತಿಯೂ ಒಬ್ಬನೇ ಒಡೆಯನ ಕೈಯಲ್ಲಿದ್ದುದರಿಂದ ಒಂದರ ಲಾಭ ಇನ್ನೊಂದರ ಬಂಡವಾಳವಾಯಿತು. ಇನ್ನೂ ಒಂದು ವಿಶೇಷ: ಅಂದಿನ ಮೈಸೂರು ಪ್ರಜಾಪ್ರಭುತ್ವವಾಗಿರಲಿಲ್ಲ, ಆದರೂ 1881ರಿಂದ ದಸರೆಯ ಕಾಲಕ್ಕೆ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆಯಲ್ಲಿ, ಪೇಟ ಸುತ್ತಿ ಬಂದ ತಾಲ್ಲೂಕಿನ ಪ್ರತಿನಿಧಿಯು ದಿವಾನರ ಎದುರು ನಿಂತು ತನ್ನ ಸೀಮೆಯ ಅಹವಾಲನ್ನು ಹೇಳಬಹುದಾಗಿತ್ತು. ಸಭೆಗೆ ಅಧಿಕಾರವಿರಲಿಲ್ಲ, ಬಾಯಿತ್ತು. ಕಲ್ಕತ್ತೆಯ ಗಿರಾಕಿಗೆ ಅಂಥ ಒಂದು ಚಾವಡಿಯೂ ಇರಲಿಲ್ಲ. ಅವನ ಕಂಪನಿಯ ಮಹಾಸಭೆ ಲಂಡನ್ನಿನಲ್ಲಿ ಸೇರುತ್ತಿತ್ತು. ಸರ್ಕಾರಿ ಒಡೆತನವು ಅಗ್ಗದ ದೀಪವನ್ನಾಗಲಿ ದಕ್ಷತೆಯನ್ನಾಗಲಿ ತಾನಾಗಿಯೇ ತಂದುಕೊಡದು. ಅದು ಕೊಡಬಲ್ಲದ್ದು ಹೋಗಿ ಕೇಳುವುದಕ್ಕೆ ಒಂದು ಸ್ಥಳವನ್ನು. ನನ್ನ ಮಟ್ಟಿಗೆ ಎರಡು ಮಾದರಿಗಳಿಗೂ ಇರುವ ನಿಜವಾದ ಅಂತರ ಇದು.

ಖಾಸಗಿಯವರ ಸಾಮರ್ಥ್ಯವನ್ನು ಕೀಳ್ಗಳೆಯುವ ಉದ್ದೇಶ ನನಗಿಲ್ಲ. ಜಮ್‌ಷೆಟ್‌ಜಿ ಟಾಟಾರ ಕನಸಿನಂತೆ 1910ರಲ್ಲಿ ಹುಟ್ಟಿದ ಟಾಟಾ ಜಲವಿದ್ಯುತ್ ಕಂಪನಿಯು ಸಹ್ಯಾದ್ರಿಯ ನೆತ್ತಿಯ ಮಳೆನೀರನ್ನು ಲೋಣಾವಳೆಯಲ್ಲಿ ಕಟ್ಟಿ ನಿಲ್ಲಿಸಿ, 1915ರಲ್ಲಿ ಖೋಪೋಲಿಯಿಂದ ಮುಂಬಯಿಯ ಗಿರಣಿಗಳಿಗೆ ಶಕ್ತಿಯನ್ನು ಕಳುಹಿಸಿತು. ದೇಶೀಯರ ಹಣ ಹೂಡಿ ನಡೆಸಿದ ಆ ಕೆಲಸ ಯಾವ ಸರ್ಕಾರದ ಕೆಲಸಕ್ಕೂ ಕಡಿಮೆಯದಲ್ಲ. ಅದರ ಜನರಲ್ ಮ್ಯಾನೇಜರಾದ ಎಚ್. ಪಿ. ಗಿಬ್ಸ್ ಎಂಬ ಅಮೆರಿಕನ್ನನು ಅದಕ್ಕೆ ಮುಂಚೆ ಮೈಸೂರು ಸರ್ಕಾರದ ಕಾವೇರಿ ವಿದ್ಯುತ್ ಯೋಜನೆಯಲ್ಲಿ ದುಡಿದವನು. ಸರ್ಕಾರದ ಪಾಠಶಾಲೆಯಲ್ಲಿ ಪಳಗಿದವನು ಖಾಸಗಿಯವರ ಮನೆ ಕಟ್ಟಿದ! ಇತ್ತ ಮುಳಶಿಯ ಕಣಿವೆಯಲ್ಲಿ ಟಾಟಾರವರ ಇನ್ನೊಂದು ಕಟ್ಟೆಗಾಗಿ ರೈತರ ಗದ್ದೆಗಳನ್ನು ಸರ್ಕಾರವು ಭೂಸ್ವಾಧೀನದ ಕಾಯಿದೆಯಿಂದ ಹಿಡಿದುಕೊಟ್ಟಾಗ, 1921ರಲ್ಲಿ ಅಲ್ಲಿ ಸತ್ಯಾಗ್ರಹವು ಹೂಡಲ್ಪಟ್ಟು ಸೇನಾಪತಿ ಬಾಪಟರು ಸೆರೆಮನೆ ಸೇರಿದರು. ಲಾಭವು ಖಾಸಗಿಯಾಗಿದ್ದರೂ ನೆಲವನ್ನು ಕಿತ್ತುಕೊಡುವ ಕೈ ಸರ್ಕಾರದ್ದೇ ಆಗಿತ್ತು.

ಕನ್ನಡ ನಾಡಿನಲ್ಲಿಯೇ ಇನ್ನೊಂದು ದೃಷ್ಟಾಂತವಿದೆ. ಮೈಸೂರಿನ ಗಡಿಯಾಚೆ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿಗೆ ಬೆಳಕು ಕೊಡುತ್ತಿದ್ದುದು ಹುಬ್ಬಳ್ಳಿ ಎಲೆಕ್ಟ್ರಿಸಿಟಿ ಕಂಪನಿ. ಲೈಸೆನ್ಸುದಾರನು ತನ್ನ ಕರ್ತವ್ಯದಲ್ಲಿ ಬೇಕೆಂದೇ ದೀರ್ಘಕಾಲ ತಪ್ಪಿ ನಡೆದನೆಂದು ಸರ್ಕಾರಕ್ಕೆ ಅಭಿಪ್ರಾಯವಾದಲ್ಲಿ ಲೈಸೆನ್ಸನ್ನು ಹಿಂತೆಗೆಯಬಹುದೆಂದು 1910ರ ವಿದ್ಯುತ್ ಕಾಯಿದೆಯ ನಾಲ್ಕನೆಯ ಪ್ರಕರಣ ಹೇಳುತ್ತಿತ್ತು. ಆ ಪ್ರಕರಣದ ಮೇಲೆ ಎದ್ದ ವ್ಯಾಜ್ಯವು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಏರಿತು. ಕಾಯಿದೆಯು ಕೇಳುವುದು ಸರ್ಕಾರದ ಅಭಿಪ್ರಾಯವನ್ನು, ಆ ಅಭಿಪ್ರಾಯವು ಸರಿಯೋ ತಪ್ಪೋ ಎಂದು ನ್ಯಾಯಾಲಯವು ತೂಗಿನೋಡುವಂತಿಲ್ಲವೆಂದು ಅಲ್ಲಿನ ನ್ಯಾಯಾಧೀಶರು ತೀರ್ಮಾನಿಸಿದರು. 1949ರ ತೀರ್ಪುಗಳ ಸಂಪುಟದಲ್ಲಿ ಅಚ್ಚಾದ ಈ ತೀರ್ಮಾನವನ್ನು ವಕೀಲರು ಬಹುಕಾಲ ಉದಾಹರಿಸಿದರು. ದೀಪ ಹುಬ್ಬಳ್ಳಿಯದು, ಜಗಳದ ಇತ್ಯರ್ಥ ಥೇಮ್ಸ್ ನದಿಯ ದಂಡೆಯದು!

ಅಷ್ಟರಲ್ಲಿ ಗಾಳಿ ಬೀಸುವ ದಿಕ್ಕು ಬದಲಾಗಿತ್ತು. ವೈಸರಾಯರ ಕಾರ್ಯಕಾರಿ ಸಮಿತಿಯಲ್ಲಿ ಕಾರ್ಮಿಕ ಖಾತೆಯನ್ನು ಹೊತ್ತಿದ್ದ ಡಾಕ್ಟರ್ ಅಂಬೇಡ್ಕರರು 1943ರ ಅಕ್ಟೋಬರಿನಲ್ಲಿಯೇ ವಿದ್ಯುತ್ತು ಖಾಸಗಿಯವರದಾಗಬೇಕೋ ಸರ್ಕಾರದ್ದಾಗಬೇಕೋ ಎಂಬ ಪ್ರಶ್ನೆಯನ್ನು ನೀತಿಸಮಿತಿಯೊಂದರ ಮುಂದಿಟ್ಟಿದ್ದರು. 1947ರ ಆಗಸ್ಟ್ 7ರಂದು ಮುಂಬಯಿಯ ವಿದ್ಯುತ್ತು ಮತ್ತು ಟ್ರಾಮಿನ ಕಂಪನಿಯನ್ನು ಅಲ್ಲಿನ ನಗರಸಭೆ ವಹಿಸಿಕೊಂಡಿತು. ಅದೇ ವರ್ಷ ಮದರಾಸಿನ ಕಂಪನಿಯೂ ಸರ್ಕಾರದ ವಶವಾಯಿತು. 1948ರ ಕಾಯಿದೆಯು ರಾಜ್ಯರಾಜ್ಯಕ್ಕೂ ಒಂದೊಂದು ವಿದ್ಯುತ್ ಮಂಡಲಿಯನ್ನು ವಿಧಿಸಿತು. ಅದೇ ವರ್ಷ ಜೋಗದ ವಿದ್ಯುದಾಗಾರವನ್ನು ಆರಂಭಿಸಿದ ಮೈಸೂರಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ತಾನು ನಾಲ್ವತ್ತಾರು ವರ್ಷದಿಂದ ನಡೆಸುತ್ತ ಬಂದುದನ್ನೇ ದೇಶವು ಕಾನೂನು ಮಾಡಿಕೊಂಡಂತಾಯಿತು. 1957ರ ಅಕ್ಟೋಬರಿನಲ್ಲಿ ಮೈಸೂರು ರಾಜ್ಯ ವಿದ್ಯುತ್ ಮಂಡಲಿ, ಅಂದರೆ ಜಗಲಿಯ ಹಿರಿಯರ ಕೆ.ಇ.ಬಿ.ಯ ಪೂರ್ವಾಶ್ರಮ, ಸ್ಥಾಪಿತವಾಯಿತು.

ಮಂಡಲಿಯ ಗುಣದೋಷಗಳನ್ನು ನಮ್ಮ ತಲೆಮಾರಿನವರಿಗೆ ವಿವರಿಸಬೇಕಾಗಿಲ್ಲ. ಅದು ಕಂಪನಿಗಳು ಕಣ್ಣೆತ್ತಿಯೂ ನೋಡದ ಹಳ್ಳಿಗಳಿಗೆ ಕಂಬ ನೆಟ್ಟಿತು; ಬಾವಿಯ ಪಂಪುಸೆಟ್ಟಿಗೆ ಶಕ್ತಿ ಕೊಟ್ಟಿತು; ಮತ್ತು ದರವು ಚುನಾವಣೆಯ ಲೆಕ್ಕಾಚಾರಕ್ಕೆ ಸಿಕ್ಕಿಬಿದ್ದಾಗ ತನ್ನ ಬೊಕ್ಕಸವನ್ನು ಬರಿದು ಮಾಡಿಕೊಂಡಿತು. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ ನಡೆಯಲಾರಂಭಿಸುವ ಪರ್ಯಂತ ರಾಜ್ಯವು ಬಹುಮಟ್ಟಿಗೆ ನೀರನ್ನೇ ನಂಬಿತ್ತಾದುದರಿಂದ ಮಳೆ ಕೈಕೊಟ್ಟ ವರ್ಷ ದೀಪವೂ ಕೈಕೊಡುತ್ತಿತ್ತು. ಕೇಳುವ ಸ್ಥಳವಿದ್ದರೂ ಅಲ್ಲಿ ಕುಳಿತವರು ಕಿವಿಗೊಡದಿದ್ದಾಗ ಒಡೆತನದ ಗರ್ವ ಯಾವ ಪ್ರಯೋಜನಕ್ಕೂ ಬಾರದು. ತೊಂಬತ್ತರ ದಶಕದಲ್ಲಿ ವಿದೇಶೀ ಕಂಪನಿಗಳನ್ನು ಕರೆದದ್ದು ಈ ಬೇಸರದಿಂದಲೇ. ಕರಾವಳಿಗೆ ಬರುವುದಾಗಿ ಹೇಳಿದ್ದ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿಯು ವರ್ಷಗಟ್ಟಲೆ ವಿವಾದವೆಬ್ಬಿಸಿ 1999ರಲ್ಲಿ ಗಂಟು ಕಟ್ಟಿತು. ಮಹಾರಾಷ್ಟ್ರದ ದಾಭೋಳದಲ್ಲಿ ಎನ್ರಾನ್ ಕಂಪನಿಯವರು ಕಟ್ಟಿದ ಸ್ಥಾವರ 2001ರಲ್ಲಿ ನಿಂತಿತು. ಕಲ್ಕತ್ತೆಯ ಹಳೆಯ ಕಂಪನಿ ಮಾತ್ರ ಇಂದಿಗೂ ಖಾಸಗಿಯಾಗಿಯೇ ಊರನ್ನು ಬೆಳಗುತ್ತಿದೆ.

ಶಿವನಸಮುದ್ರದ ಮೊದಲ ಗಿರಾಕಿಯ ಗತಿಯನ್ನು ಹೇಳಿ ಮುಗಿಸುತ್ತೇನೆ. ಕೋಲಾರದ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರವೂ 1962ರಲ್ಲಿ ಕೇಂದ್ರ ಸರ್ಕಾರವೂ ವಹಿಸಿಕೊಂಡುವು. ಹಾಗೆ ಮಾರುವವನಂತೆ ಕೊಳ್ಳುವವನೂ ಸರ್ಕಾರವೇ ಆಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಶೇಷಾದ್ರಿ ಅಯ್ಯರವರ ಹೆಸರನ್ನು ಹೊತ್ತ ವಿದ್ಯುದಾಗಾರವು, 42 ಮೆಗಾವ್ಯಾಟಿನ ಸಾಮರ್ಥ್ಯದೊಡನೆ, ಇನ್ನೂ ಸರ್ಕಾರದ್ದಾಗಿಯೇ ನಡೆಯುತ್ತಿದೆ.